ನಾಲ್ಕು ಬೆರಳು ಇಳಿದ ಕಾರು

ಮನೆಯ ಮುಂದೆ ಮೋಟಾರು ಕಾರು ನಿಂತಿದ್ದರೆ ಬೀದಿಯವರು ನಗುವುದಕ್ಕೆ ಬೇರೆ ಸಾಮಗ್ರಿ ಹುಡುಕಬೇಕಾಗಿಲ್ಲ. ಒಂದು ಪ್ರಸಂಗದ ಬಿಸಿ ಆರುವುದರೊಳಗೆ ಇನ್ನೊಂದು ತಾನಾಗಿ ಒದಗುತ್ತದೆ. ನಮ್ಮ ಮನೆಗೆ ಒದಗಿದವುಗಳನ್ನು ನಾನು ಆಗಿಂದಾಗಲೇ ತಾರೀಖು ಹಾಕಿ ಬರೆದಿಟ್ಟಿದ್ದೇನೆ. ಮೈಸೂರಿನಲ್ಲಿ ಗಣಿತ ಓದಿ ಬಿ.ಎ. ಮಾಡಿದವಳಿಗೆ ಅಷ್ಟಾದರೂ ಶಿಸ್ತು ಬೇಡವೇ? ಬರೆದಾಗ ನಕ್ಕಿದ್ದೆ. ಈಗಲೂ ನಗು ಬರುತ್ತದೆ, ಆದರೆ ಮೊದಲಿನ ಹಾಗೆ ಅಲ್ಲ. ಈ ಕಾರಿಗಾಗಿ ಹಟ ಹಿಡಿದಿದ್ದ ಇಬ್ಬರೂ ಈಗಿಲ್ಲ.

ಹತ್ತಲಾಗದ ಕಾರು

ಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ನಮ್ಮ ಯಜಮಾನರು ಕೆಜಿಎಫ್ ಚಿನ್ನದ ಗಣಿಗೆ ಮರದ ದಿಮ್ಮಿ ಒದಗಿಸುವ ಗುತ್ತಿಗೆ ಮಾಡುತ್ತಿದ್ದರು. ಮನೆ ಆಂಡರ್ಸನ್‌ಪೇಟೆಯಲ್ಲಿ. ಸೀಮೆಗೆ ಹಿಂದಿರುಗುತ್ತಿದ್ದ ಗಣಿಯ ಒಬ್ಬ ಬಿಳಿಯ ದೊರೆಯಿಂದ ಅವರು ಕ್ಯಾನ್ವಾಸ್ ಹೊದಿಕೆಯ ಹಳೆಯ ಕಾರೊಂದನ್ನು ಕೊಂಡರು.

ನಮ್ಮ ಅತ್ತೆಗೆ ಒಬ್ಬ ಅಕ್ಕ ಇದ್ದರು. ಯಜಮಾನರಿಗೆ ದೊಡ್ಡಮ್ಮ, ಆದ್ದರಿಂದ ನನಗೂ ದೊಡ್ಡಮ್ಮ. ಅವರ ಮನೆ ಬಂಗಾರಪೇಟೆಯಲ್ಲಿ. ಆಗ ಬೌರಿಂಗ್‌ಪೇಟೆ ಎನ್ನುತ್ತಿದ್ದರು. ಅಕ್ಕತಂಗಿಯರಿಗೆ ಚಿಕ್ಕಂದಿನಿಂದ ಪೈಪೋಟಿ. ಯಾರ ಹಸು ಹೆಚ್ಚು ಕರೆಯುತ್ತದೆ, ಯಾರ ಮನೆಯ ರಾಗಿ ಕೆಂಪಗಿದೆ, ಯಾರ ಸೊಸೆ ಹೆಚ್ಚು ಎದುರು ಮಾತಾಡುತ್ತಾಳೆ, ಎಲ್ಲದರಲ್ಲೂ. ಕೊನೆಯದರಲ್ಲಿ ನಮ್ಮ ಅತ್ತೆಯೇ ಗೆದ್ದಿದ್ದರು. ನೆಂಟರ ಮದುವೆಯೊಂದರಲ್ಲಿ ಕಾರಿನ ಮಾತು ಬಂತು.

"ಮೋಟಾರಂತೆ ಮೋಟಾರು! ಕಂಡೋರ್ಯಾರು?" ಎಂದರು ದೊಡ್ಡಮ್ಮ. "ಅದು ನನ್ ಬಾಕ್ಲಿಗೆ ಬಂದು ನಿಲ್ಲಲಿ, ಆರತಿ ಎತ್ತುತೀನಿ. ಅಲ್ಲೀಗಂಟ ನಿನ್ ಮನೆ ಒಸ್ಲು ತುಳಿಯಾಕಿಲ್ಲ."

"ನಾನೂ ಅಷ್ಟೇ ಕಣಕ್ಕ," ಎಂದರು ಅತ್ತೆ. "ಬಂದ್ರೆ ಮೋಟಾರ್‌ನಾಗೇ ಬತ್ತೀನಿ. ರೈಲಾಗೆ ಬಂದ್ರೆ ನಮ್ಮಪ್ಪನ ಮಗಳೇ ಅಲ್ಲ."

ಎರಡೂ ಊರಿನ ನಡುವೆ ಬೆಳಗಿನಿಂದ ಸಂಜೆವರೆಗೆ ರೈಲು ಓಡಾಡುತ್ತಿತ್ತು. ಹತ್ತಿ ಕೂತು ಎಲೆ ಅಡಿಕೆ ಹಾಕಿಕೊಂಡು ಅಗಿದು ಮುಗಿಸುವುದರೊಳಗೆ ಬೌರಿಂಗ್‌ಪೇಟೆ. ಆದರೂ ಅಂದಿನಿಂದ ಆಕೆ ಅಲ್ಲಿ, ಈಕೆ ಇಲ್ಲಿ.

ಮಾತು ಕೊಟ್ಟು ಬಂದಮೇಲೆ ತಿಳಿಯಿತು, ಅತ್ತೆಗೆ ಕಾರು ಹತ್ತಲು ಆಗುವುದಿಲ್ಲ ಎಂದು. ಕಾಲಿಟ್ಟು ಹತ್ತುವ ಪಕ್ಕದ ಹಲಗೆ ಎತ್ತರ, ಅವರ ಮಂಡಿ ಹಿಡಿದುಕೊಂಡಿತ್ತು. ಮಣೆ ಹಾಕಿದೆವು. ಮಣೆಯ ಮೇಲೆ ಮಣೆ ಹಾಕಿದೆವು. ಒರಳುಕಲ್ಲು ಉರುಳಿಸಿಕೊಂಡು ಬಂದೆವು. ಕೊನೆಗೆ ಯಜಮಾನರು, "ನಾನೇ ಎತ್ತಿ ಕೂರಿಸ್ತೀನಿ ಬಾಮ್ಮಾ" ಎಂದರೆ, "ಎಣ ಎತ್ತಿದಂಗೆ ಎತ್ತಬ್ಯಾಡ ಕಣ್ಲಾ, ಇನ್ನೂ ಬದುಕಿವ್ನಿ" ಎಂದರು.

ನಮ್ಮ ಬೀದಿಯ ತುದಿಯಲ್ಲಿ ಒಬ್ಬ ಕಮ್ಮಾರನ ಕುಲುಮೆ ಇತ್ತು. ಅವನದು ಅರ್ಧ ತಮಿಳು, ಅರ್ಧ ಕನ್ನಡ, ಪೂರಾ ಉತ್ಸಾಹ. ಬಂದು ಕಾರಿನ ಅಡಿಗೆ ತಲೆ ತೂರಿಸಿ ನೋಡಿದ. "ಸ್ಪ್ರಿಂಗು ಬಿಲ್ಲು ಮಾದಿರಿ ಬಗ್ಗಿದೆ ಸಾಮಿ. ಎರಡು ಪಟ್ಟಿ ತೆಗೆದು, ಮಿಕ್ಕಿದ್ದು ತಟ್ಟಿ ನೆಟ್ಟಗೆ ಮಾಡ್ಟಾ, ವಂಡಿ ನಾಲ್ಕು ಬೆರಳು ಕೆಳಗೆ ಇಳಿದಿಡುಂ."

ಇಳಿಯಿತು. ಅತ್ತೆ ಯಾರ ಕೈಯೂ ಹಿಡಿಯದೆ ಹತ್ತಿ, ಹಿಂದಿನ ಸೀಟಿನಲ್ಲಿ ಕೂತು, ಸೆರಗು ಸರಿಮಾಡಿಕೊಂಡರು. ನಿಂತ ಕಾರಿನಲ್ಲಿ ಬೀದಿಯ ಎರಡೂ ಕಡೆ ನೋಡುತ್ತಾ ಬಹಳ ಹೊತ್ತು ಕೂತರು. ಇಳಿಯಿರಿ ಎಂದು ನಾನು ಕರೆಯಲು ಹೋದೆ.

"ಅಮ್ಮಣ್ಣೀ," ಎಂದರು, "ಮುದ್ದೆ ಇಲ್ಲಿಗೇ ತಂದ್ಬಿಡು."

ಸಂಜೆಯ ಚಾಳಿ

ಮಾರನೆಯ ದಿನ ಯಜಮಾನರು ಕಾರಿನಲ್ಲಿ ಚಾಂಪಿಯನ್ ರೀಫ್ಸ್ ಗಣಿಗೆ ಹೋಗಿಬಂದರು. ಮುಖ ಸಪ್ಪಗಿತ್ತು. "ಗುಂಡಿಗೆ ಬಿದ್ದರೆ ಕಾರು ಎಡಕ್ಕೆ ತಿರುಗುತ್ತೆ ಕಣೇ. ನಾನು ಸ್ಟೀರಿಂಗ್ ನೆಟ್ಟಗೇ ಹಿಡಿದಿರ್ತೀನಿ. ಅದು ತನಗೆ ಬೇಕಾದ ಕಡೆ ಹೋಗುತ್ತೆ."

ಕಮ್ಮಾರನನ್ನು ಕರೆಸಿದೆವು. ಆತ, "ಎಷ್ಟೋ ಎತ್ತಿನ ವಂಡಿ ಇಳಿಸಿಕೊಟ್ಟಿದೀನಿ ಸಾಮಿ, ಒಂದೂ ತಿರುಗಲಿಲ್ಲ" ಎಂದ. ಎತ್ತಿನ ಗಾಡಿಯನ್ನು ತಿರುಗಿಸುವುದು ಎತ್ತು ಎಂದು ನಾನು ಹೇಳಿದ್ದಕ್ಕೆ, "ಅದೇ ಅಮ್ಮಾ, ಇದರಲ್ಲಿ ಎತ್ತು ಇಲ್ಲ, ಅದೇ ಕಷ್ಟ" ಎಂದ.

ಆಂಡರ್ಸನ್‌ಪೇಟೆಯ ದಾರಿಯಲ್ಲಿ ಒಂದು ಸೇಂದಿ ಅಂಗಡಿ ಇತ್ತು. ಅದರ ಮುಂದೆಯೇ ಒಂದು ಗುಂಡಿ. ಬೆಳಗ್ಗೆ ಹೋಗುವಾಗ ಅಂಗಡಿ ಬಲಗಡೆ ಇರುತ್ತಿತ್ತು. ಕಾರು ಎಡಗಡೆಯ ಬಯಲಿನತ್ತ ಸ್ವಲ್ಪ ವಾಲಿ ಮುಂದೆ ಹೋಗುತ್ತಿತ್ತು, ಯಾರೂ ಗಮನಿಸುತ್ತಿರಲಿಲ್ಲ. ಸಂಜೆ ಬರುವಾಗ ಅಂಗಡಿ ಎಡಗಡೆ. ಗುಂಡಿಗೆ ಇಳಿದ ಕಾರು ನೇರವಾಗಿ ಅಂಗಡಿಯ ಬಾಗಿಲಿಗೆ ಮೂತಿ ಇಟ್ಟು ನಿಲ್ಲುತ್ತಿತ್ತು. ಯಜಮಾನರು ಕಾಫಿಯನ್ನೇ ಗಟ್ಟಿಯಾಯಿತು ಎನ್ನುವ ಮನುಷ್ಯ. ಹಿಂದಕ್ಕೆ ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ ಮನೆಗೆ ಬರುತ್ತಿದ್ದರು.

ಸುದ್ದಿ ನನ್ನ ಕಿವಿಗೂ ಬಿತ್ತು. ನೀರಿನ ಕೊಳಾಯಿಯ ಹತ್ತಿರ ಒಬ್ಬಾಕೆ, ಅವಳ ಗಂಡ ಗಣಿಯೊಳಗೆ ಕೆಲಸ ಮಾಡುವವನು, ನನ್ನನ್ನು ಪಕ್ಕಕ್ಕೆ ಕರೆದು ಸಮಾಧಾನ ಹೇಳಿದಳು: "ಮನಸಿಗೆ ಅಚ್ಕೋಬ್ಯಾಡ್ರಮ್ಮಾ. ನಮ್ಮೋನ್ದೂ ಅದೇ ಚಾಳಿ. ಬೆಳಗ್ಗೆ ನೆಟ್ಟಗೇ ಓಯ್ತಾನೆ, ಸಂಜೆ ಅದೇ ಗುಂಡಿ ತಾವ ತಿರೀಕತಾನೆ."

ಕಜ್ಜಾಯದ ಡಬ್ಬ

ಬೌರಿಂಗ್‌ಪೇಟೆಯಿಂದ ರೈಲಿನಲ್ಲಿ ದಿನವೂ ಒಬ್ಬ ಹಾಲಿನವಳು ಬರುತ್ತಿದ್ದಳು. ತಲೆಯ ಮೇಲೆ ಹಾಲಿನ ಬಿಂದಿಗೆ, ಬಾಯಲ್ಲಿ ದೊಡ್ಡಮ್ಮನ ಸಮಾಚಾರ. ಅಕ್ಕತಂಗಿಯರ ಮಾತೆಲ್ಲ ಅವಳ ಮೂಲಕವೇ ಓಡಾಡುತ್ತಿತ್ತು. ಒಂದು ದಿನ ಬಂದು, "ನಿಮ್ಮಕ್ಕ ಕೇಳ್ತಾವ್ರೆ: ಮೋಟಾರು ಬತ್ತದಾ, ಇಲ್ಲ ಇನ್ನೂ ಮೊಟ್ಟೇನಾಗೇ ಐತಾ?" ಎಂದಳು.

ಅತ್ತೆಯ ಮೂಗಿನ ಹೊಳ್ಳೆ ಅರಳಿತು. "ಭಾನುವಾರ ಬತ್ತೀನಿ ಅಂತೇಳು. ಆರತಿ ತಟ್ಟೆ ಉಜ್ಜಿಟ್ಕಳ್ಳಿ."

ಶನಿವಾರ ಕಜ್ಜಾಯ ಕರಿದೆವು. ಭಾನುವಾರ ಅತ್ತೆ ಕೆಂಪು ಅಂಚಿನ ಸೀರೆ ಉಟ್ಟು, ಕಜ್ಜಾಯದ ಡಬ್ಬ ತೊಡೆಯ ಮೇಲಿಟ್ಟುಕೊಂಡು ಹೊರಟರು, ಪಕ್ಕದಲ್ಲಿ ನಾನು. ಉರಿಗಾಂ ದಾಟುವವರೆಗೆ ಯಜಮಾನರು ಒಂದೊಂದು ಗುಂಡಿಯನ್ನೂ ಬಳಸಿಕೊಂಡು ಹೋದರು. ಆಮೇಲೆ ಬಳಸಲಾಗದ ಒಂದು ಗುಂಡಿ ಬಂತು. ಕಾರು ಎಡಕ್ಕೆ ತಿರುಗಿ, ಬದು ಹಾರಿ, ರಾಗಿ ಹೊಲದ ನಡುವೆ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಅತ್ತೆ ಸುತ್ತಲೂ ರಾಗಿ ತೆನೆ ನೋಡಿ, "ಅಕ್ಕನ ಮನೆ ಇಷ್ಟು ಅತ್ರ ಇಲ್ಲ ಕಣ್ಲಾ" ಎಂದರು.

ಹೊಲದವರು ಓಡಿಬಂದರು. ಆ ದಾರಿಯಾಗಿ ಒಂದು ಎತ್ತಿನ ಗಾಡಿಯೂ ಬಂತು. ಗಾಡಿಯವನು, "ಬೌರಿಂಗ್‌ಪೇಟೆಗೇ ಓಯ್ತಿವ್ನಿ, ಬನ್ನಿ ತಾಯಿ" ಎಂದು ಕರೆದ. ಹೋಗಿದ್ದರೆ ಮಧ್ಯಾಹ್ನದ ಊಟಕ್ಕೆ ಅಕ್ಕನ ಎದುರು ಕೂತಿರುತ್ತಿದ್ದರು. ಅತ್ತೆ ಗಾಡಿ ಹತ್ತಿದರು. ಹತ್ತಿ, ಗಾಡಿಯನ್ನು ಆಂಡರ್ಸನ್‌ಪೇಟೆಯ ಕಡೆಗೆ ತಿರುಗಿಸಲು ಹೇಳಿದರು. ಈಗ ಅದನ್ನು ನೆನೆದರೆ, ಆ ಗಾಡಿಯವನಾದರೂ ಮಾತು ಕೇಳದ ಮೊಂಡನಾಗಿರಬಾರದಿತ್ತೇ ಎನ್ನಿಸುತ್ತದೆ.

ಕಾರನ್ನು ಎತ್ತಿ ದಾರಿಗೆ ತಂದವರಿಗೆ ನಾನು ಕಜ್ಜಾಯವನ್ನೆಲ್ಲ ಹಂಚಿದೆ. ಅವರು ನಿಧಾನವಾಗಿ ತಿಂದರು. ಅವರಲ್ಲಿ ಹಿರಿಯನೊಬ್ಬ ಬೆರಳು ನೆಕ್ಕುತ್ತಾ ಬಹಳ ಮರ್ಯಾದೆಯಿಂದ ಕೇಳಿದ: "ತಾಯಿ, ಬರೋ ಭಾನುವಾರ ಎಷ್ಟೊತ್ತಿಗೆ ಬೀಳ್ತೀರಾ?"

ಕ್ಲಬ್ಬಿನ ಅಂಗಳ

ಗಣಿಯ ದೊರೆಗಳಿಗೆ ಒಂದು ಕ್ಲಬ್ಬಿತ್ತು. ನಮ್ಮವರು ಅದರ ಬೇಲಿಯಾಚೆ ಹೂವು ನೋಡಬಹುದಿತ್ತು, ಅಷ್ಟೆ. ಗೇಟಿನ ಎದುರು ಮಳೆನೀರು ಹರಿಯಲು ಅಡ್ಡಲಾಗಿ ಒಂದು ತಗ್ಗು ತೋಡಿದ್ದರು. ಉಳಿದದ್ದನ್ನು ಹೇಳಬೇಕಾಗಿಲ್ಲ. ನಾನೂ ಕಾರಿನಲ್ಲಿದ್ದೆ. ತೆರೆದ ಗೇಟಿನೊಳಗೆ ನುಗ್ಗಿ, ಕಾರು ಟೆನಿಸ್ ಆಡುತ್ತಿದ್ದವರ ಪಕ್ಕದಲ್ಲೇ ನಿಂತಿತು. ಚೆಂಡು ಬಂದು ನನ್ನ ಮಡಿಲಿಗೆ ಬಿತ್ತು.

ಪಂಜಾಬಿನ ಕಡೆಯ ಕಾವಲುಗಾರ ದೊಣ್ಣೆ ಹಿಡಿದು ಓಡಿಬಂದ. ನಿಮ್ಮಂಥವರು ಇಲ್ಲಿಗೆ ಬರಕೂಡದು, ಗೊತ್ತಿಲ್ಲವೇ ಎಂದು ತನ್ನ ಭಾಷೆಯಲ್ಲಿ ಅಬ್ಬರಿಸಿದ.

ಯಜಮಾನರಿಗೆ ಎಲ್ಲಿಂದ ಧೈರ್ಯ ಬಂತೋ. ಸ್ಟೀರಿಂಗ್ ಮೇಲಿನ ಎರಡೂ ಕೈಗಳನ್ನು ಮೇಲೆತ್ತಿ ತೋರಿಸಿ, "ನಾನು ಬರಲಿಲ್ಲಪ್ಪ. ಕಾರು ಬಂತು. ಇದರ ಹಳೇ ಯಜಮಾನ್ರು ಇಲ್ಲಿಯ ಮೆಂಬರು. ಇದಕ್ಕೆ ಅಭ್ಯಾಸ ತಪ್ಪಿಲ್ಲ" ಎಂದರು.

ಕಾವಲುಗಾರ ಕಾರಿನ ಮುಂದಕ್ಕೆ ಹೋಗಿ ನೋಡಿದ. ಗುರುತು ಹತ್ತಿತು. ನಮ್ಮಿಬ್ಬರನ್ನೂ ದುರುಗುಟ್ಟಿ ನೋಡಿ, ಕಾರಿಗೆ ಒಂದು ಸಲಾಮು ಹೊಡೆದ.

ಪುರೋಹಿತರು ಕೂತು ಎದ್ದದ್ದು

ಕಾರಿಗೆ ದೃಷ್ಟಿ ತಗುಲಿದೆ ಎಂದು ಅತ್ತೆ ತೀರ್ಮಾನಿಸಿ ಶಾಂತಿ ಮಾಡಿಸಲು ಪುರೋಹಿತರನ್ನು ಕರೆಸಿದರು. ನಮ್ಮ ಪೇಟೆಯಲ್ಲಿ ಅವರಷ್ಟು ತೂಕದ ಮನುಷ್ಯ ಇರಲಿಲ್ಲ. ವಿದ್ಯೆಯಲ್ಲೂ ಇರಬಹುದು, ಮೈಯಲ್ಲಂತೂ ನಿಜ. ನನಗೆ ಬೇಕಾಗಿದ್ದದ್ದು ಅದೇ.

ಗುಂಡಿಗೆ ಬಿದ್ದಾಗ ಕಾರಿನ ಮೈ ಕುಗ್ಗುತ್ತದೆ. ಕುಗ್ಗಿದಾಗ ಚಕ್ರಕ್ಕೆ ಏನಾಗುತ್ತದೆ ಎಂದು ನಿಂತ ಕಾರಿನಲ್ಲೇ ನೋಡಬೇಕು ಎಂದು ನಾನು ಕಾಯುತ್ತಿದ್ದೆ. ಮುಂದಿನ ಚಕ್ರಗಳ ಅಡಿಗೆ ಎಣ್ಣೆ ಸವರಿದ ತಗಡು ಇಟ್ಟು, ಒಂದು ಚಕ್ರಕ್ಕೆ ಉದ್ದ ಕೋಲು ಕಟ್ಟಿ, ಕೋಲಿನ ತುದಿ ಗೋಡೆಯ ಮೇಲೆ ಎಲ್ಲಿದೆಯೋ ಅಲ್ಲಿ ಸುಣ್ಣದ ಗುರುತು ಹಾಕಿದೆ. ಯಜಮಾನರು ಸ್ಟೀರಿಂಗ್ ಅಲುಗದಂತೆ ಹಿಡಿದರು. ಮಂತ್ರ ಮುಗಿದ ಮೇಲೆ ಕೈಮುಗಿದು ಕೇಳಿಕೊಂಡೆ.

"ಸ್ವಾಮಿಗಳೇ, ಮುಂದಿನ ಚಕ್ರದ ಮೇಲಿನ ಈ ಮಡ್‌ಗಾರ್ಡ್ ಮೇಲೆ ದಯವಿಟ್ಟು ಒಂದು ಸಲ ಕೂತುಕೊಳ್ಳಿ."

"ಕೂರಬೇಕೇ? ಇದು ಯಾವ ಪದ್ಧತಿಯಮ್ಮ?"

"ನಮ್ಮ ಮನೆಯ ಪದ್ಧತಿ."

ಕೂತರು. ಕಾರು ಕುಗ್ಗಿತು. ಸ್ಟೀರಿಂಗ್ ಅಲುಗಲಿಲ್ಲ, ಆದರೂ ಕೋಲಿನ ತುದಿ ಸುಣ್ಣದ ಗುರುತು ಬಿಟ್ಟು ಎಡಕ್ಕೆ ಸರಿಯಿತು. "ಏಳಿ ಸ್ವಾಮಿ." ಎದ್ದರು. ಕೋಲು ಹಿಂದಕ್ಕೆ ಬಂತು. "ಕೂತುಕೊಳ್ಳಿ." ಮತ್ತೆ ಎಡಕ್ಕೆ. "ಏಳಿ." ಅತ್ತೆಗೆ ಭಕ್ತಿ ಉಕ್ಕಿ, ಪುರೋಹಿತರು ಕೂತಾಗಲೆಲ್ಲ ಕೈಮುಗಿದು, ಎದ್ದಾಗಲೆಲ್ಲ ಗಂಟೆ ಬಾರಿಸಿದರು.

ಕಾರಣ ನನಗೆ ಹೊಳೆಯಿತು. ಅಡುಗೆಮನೆಗೆ ಓಡಿ ಎರಡು ಸೌಟು ತಂದೆ. ಅವುಗಳ ಹಿಡಿಗಳನ್ನು ಗೋಡೆಯಲ್ಲಿ ಒಂದರ ಕೆಳಗೊಂದು ಹೊಡೆದ ಮೊಳೆಗಳಿಗೆ ಸಿಕ್ಕಿಸಿ, ಬಟ್ಟಲುಗಳನ್ನು ದಾರದಿಂದ ಜೋಡಿಸಿ, ಅಡ್ಡಲಾಗಿ ಹಿಡಿದು ಯಜಮಾನರನ್ನು ಕರೆದೆ. "ಈ ಸೌಟು ಸ್ಪ್ರಿಂಗು. ಈ ಸೌಟು ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ಉದ್ದ ಕಂಬಿ. ಎರಡೂ ಮಟ್ಟವಾಗಿವೆ. ಬಟ್ಟಲು ಎತ್ತುತ್ತೇನೆ, ನೋಡಿ, ಜೊತೆಯಾಗಿ ಏಳುತ್ತವೆ. ಈಗ ಕಂಬಿಯ ಮೊಳೆಯನ್ನು ಕಿತ್ತು ಇನ್ನಷ್ಟು ಕೆಳಗೆ ಹೊಡೆಯಿರಿ. ಕಂಬಿ ಓರೆಯಾಯಿತು. ಮತ್ತೆ ಎತ್ತುತ್ತೇನೆ."

ಓರೆಯಾದ ಸೌಟು ಪಕ್ಕದ ಸೌಟನ್ನು ತನ್ನ ಕಡೆಗೆ ಜಗ್ಗಿತು.

"ನಾವು ಕಾರಿನ ಮೈ ಇಳಿಸಿದೆವು," ಎಂದೆ. "ಅದರ ಜೊತೆ ಕಂಬಿಯ ಒಂದು ತುದಿ ಇಳಿಯಿತು. ಚಕ್ರದ ಕಡೆಯ ತುದಿ ಇದ್ದಲ್ಲೇ ಇದೆ. ಅದನ್ನೂ ನಾಲ್ಕು ಬೆರಳು ಇಳಿಸಿದರೆ ಕಂಬಿ ಮತ್ತೆ ಮಟ್ಟವಾಗುತ್ತದೆ. ಕಾರು ನೆಟ್ಟಗೆ ಹೋಗುತ್ತದೆ."

ಯಜಮಾನರು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ಅತ್ತೆ ಮಾತ್ರ, "ಬಿ.ಎ. ಓದಿ ಸೌಟು ನೇತಾಕೋದಾ? ಸಾರು ಉಕ್ತಾ ಐತೆ, ಓಗು" ಎಂದರು.

ಪುರೋಹಿತರು ಅದನ್ನು ಅಲ್ಲಿಗೇ ಬಿಡಲಿಲ್ಲ. ಆಮೇಲೆ ಕೆಜಿಎಫ್‌ನಲ್ಲಿ ಯಾರೇ ಹೊಸ ಕಾರು ತಂದು ಪೂಜೆ ಮಾಡಿಸಿದರೂ, ಮಂಗಳಾರತಿಯಾದ ಮೇಲೆ ಅವರು ಪಂಚೆ ಎತ್ತಿ ಕಟ್ಟಿ, ಮಡ್‌ಗಾರ್ಡ್ ಮೇಲೆ ಮೂರು ಸಲ ಕೂತು ಎದ್ದು ಇಳಿಯುತ್ತಿದ್ದರು. ಅದಕ್ಕೆ ದಕ್ಷಿಣೆ ಬೇರೆ.

ಕಮ್ಮಾರನ ನ್ಯಾಯ

ಅಷ್ಟರಲ್ಲಿ ನಾನು ಹೆರಿಗೆಗೆಂದು ತವರಿಗೆ ಹೋಗಬೇಕಾಯಿತು. ಹೋಗುವ ಮುಂಚೆ ಎಲ್ಲ ವಿವರವಾಗಿ ಹೇಳಿದ್ದೆ. ಕಂಬಿಯ ತುದಿ ಕೂರುವ ಒಂದು ಕಬ್ಬಿಣದ ತೋಳು ಚಕ್ರದ ಹತ್ತಿರ ಇರುತ್ತದೆ. ಅದನ್ನು ಬಿಚ್ಚಿ, ಕಾಯಿಸಿ, ಬಗ್ಗಿಸಬೇಕು. ಯಜಮಾನರು ಮರದ ದಿಮ್ಮಿಯ ಗಡಿಬಿಡಿಯಲ್ಲಿ ಕಮ್ಮಾರನಿಗೆ "ನಾಲ್ಕು ಬೆರಳು ಬಗ್ಗಿಸು" ಎಂದಷ್ಟೇ ಹೇಳಿದರು.

ಅವನು ಮೇಲಕ್ಕೆ ಬಗ್ಗಿಸಿದ.

ಮುಂಚೆ ಗುಂಡಿಗೆ ತಿರುಗುತ್ತಿದ್ದ ಕಾರು ಈಗ ಬೆರಣಿಯ ಚೂರಿಗೂ ತಿರುಗತೊಡಗಿತು. ಯಾಕಯ್ಯಾ ಹೀಗೆ ಮಾಡಿದೆ ಎಂದರೆ, ಕಮ್ಮಾರನಿಗೇ ಆಶ್ಚರ್ಯ. "ವಂಡಿ ಕೆಳಗೆ ಹೋಗಿದೆ, ಇಲ್ಲೆಯಾ ಸಾಮಿ? ಅದಕ್ಕೇ ಇದನ್ನ ಮೇಲೆ ಎತ್ತಿದೆ. ಅಲ್ಲಿಗೆ ಸಮ ಆಗ್ಬೇಕು, ಅದಾನೇ ನ್ಯಾಯ?"

ನ್ಯಾಯ ಸರಿಯಾಗಿತ್ತು, ಕಾರಿಗೆ ತಿಳಿಯಲಿಲ್ಲ. ಮತ್ತೆ ಕಾಯಿಸಿ ಕೆಳಕ್ಕೆ ಬಗ್ಗಿಸುವಾಗ ತೋಳು ಸೀಳಿತು. ಒಡೆದದ್ದನ್ನು ಬೆಸೆದು ಹಾಕಿದರೆ ಎಂದಾದರೂ ನಡುದಾರಿಯಲ್ಲಿ ಮುರಿದೀತು ಎಂದು ಯಜಮಾನರು ಹೊಸದಕ್ಕೆ ಮದರಾಸಿಗೆ ಬರೆದರು. ಅದು ಬರುವಷ್ಟರಲ್ಲಿ ನಾನು ಕೂಸನ್ನೆತ್ತಿಕೊಂಡು ಮನೆಗೆ ವಾಪಸಾಗಿದ್ದೆ, ಕೂಸು ತೆವಳುತ್ತಿತ್ತು.

ಆ ತಿಂಗಳುಗಳಲ್ಲಿ ಹಾಲಿನವಳ ಸಮಾಚಾರ ಬದಲಾಗಿತ್ತು. ಮೊದಲು, "ಜಲ್ದಿ ಬರಂಗಿದ್ರೆ ಬರ್ಲಿ ಅಂದ್ರು. ಕಣ್ಣು ಮಂಜಾಯ್ತಾ ಐತಂತೆ."

ಅತ್ತೆ ನಂಬಲಿಲ್ಲ. "ಅಕ್ಕನ ಆಟ ನಂಗೊತ್ತಿಲ್ವಾ? ನನ್ನ ರೈಲು ಅತ್ತಿಸಾಕೆ ಈ ನಾಟ್ಕ. ಕಣ್ಣು ಮಂಜಾದೋಳಿಗೆ ನಮ್ಮನೆ ಕಾರು ರಾಗಿ ಒಲಕ್ಕೆ ಬಿದ್ದದ್ದು ಎಂಗೆ ಕಂಡ್ತು?"

ಆಮೇಲೆ, "ಬೆಂಗ್ಳೂರಿಂದ ಬಂದ ಡಾಕ್ಟ್ರು ತಡ ಆಯ್ತು ಅಂದ್ರಂತೆ. ಕಣ್ಣಿನ ನರ ಸತ್ತೋಗದಂತೆ."

ಅಂದು ಅತ್ತೆ ಹಾಲು ಅಳೆಯಿಸಿಕೊಂಡು ಒಳಗೆ ಹೋದರು. ರೈಲಿಗೆ ಹೋಗೋಣ ನಡೆಯಿರಿ ಅತ್ತೆ ಎಂದು ನಾನು ಹಿಂದೆಯೇ ಹೋದೆ. ಬೆನ್ನು ತಿರುಗಿಸಿಕೊಂಡೇ, "ಈಗ ರೈಲಾಗೆ ಓದ್ರೆ, ಕುರುಡಿ ಅಂತ ಕನಿಕರಕ್ಕೆ ಬಂದ್ಲು ಅಂತಾಳೆ. ಅವಳು ಸಾಯೋಗಂಟ ಮರೆಯಾಕಿಲ್ಲ" ಎಂದರು. ಅದೂ ನಿಜವೇ. ಆದರೂ ದೊಡ್ಡಮ್ಮನ ಕಣ್ಣು ಮಂಜಾಗುತ್ತಿದ್ದ ತಿಂಗಳುಗಳಲ್ಲಿ ಬೀದಿಯ ತುದಿಯಿಂದ ರೈಲಿನ ಕೂಗು ದಿನವೂ ಕೇಳಿಸುತ್ತಿತ್ತಲ್ಲ ಎಂಬುದು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಹೊಸ ತೋಳು ಬಂತು. ಈ ಸಲ ನಾನೇ ಕುಲುಮೆಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತೆ. ಕಮ್ಮಾರ ಕೆಂಪಗೆ ಕಾಯಿಸಿ ಕೆಳಕ್ಕೆ ಬಗ್ಗಿಸಿದ. ಕಂಬಿ ಮಟ್ಟವಾಗಿ ನಿಂತಿತು. ಸಂಜೆ ಯಜಮಾನರು ಚಾಂಪಿಯನ್ ರೀಫ್ಸಿನ ಕಡೆಯಿಂದ ಬೇಕೆಂದೇ ವೇಗವಾಗಿ ಬಂದು ಸೇಂದಿ ಅಂಗಡಿಯ ಗುಂಡಿಗೆ ಇಳಿಸಿದರು. ಕಾರು ಕುಗ್ಗಿತು, ಎದ್ದಿತು, ನೂಲು ಹಿಡಿದಂತೆ ನೇರವಾಗಿ ಮುಂದೆ ಹೋಯಿತು.

ಅಂಗಡಿಯ ಬೆಂಚಿನ ಮೇಲಿದ್ದವರೆಲ್ಲ ಎದ್ದು ನಿಂತರಂತೆ. ಒಬ್ಬ ಕೂಗಿ ಕೇಳಿದನಂತೆ: "ಏನ್ ಸಾಮಿ, ಬುಟ್ಬುಟ್ರಾ?"

ದೊಡ್ಡಮ್ಮನ ಸವಾರಿ

ಆ ಭಾನುವಾರ ಅತ್ತೆ ಅದೇ ಕೆಂಪು ಅಂಚಿನ ಸೀರೆ ಉಟ್ಟರು. ಉಟ್ಟಮೇಲೆ, "ಯಾವ ಸೀರೆ ಉಟ್ರೇನು" ಎಂದರು. ಕಮ್ಮಾರನೂ ತನ್ನ ಕೆಲಸ ನೋಡುತ್ತೇನೆ ಎಂದು ಕೈಯಲ್ಲಿ ಸ್ಪ್ಯಾನರು ಹಿಡಿದು ಮುಂದಿನ ಸೀಟಿನಲ್ಲಿ ಕೂತ. ದಾರಿಯುದ್ದಕ್ಕೂ ಕಾರು ಯಾವ ಕಡೆಗೂ ವಾಲಲಿಲ್ಲ. ಬೌರಿಂಗ್‌ಪೇಟೆಯ ರೈಲ್ವೆ ಗೇಟಿನಲ್ಲಿ ಹಳಿಗಳನ್ನು ದಾಟುವಾಗಲೂ ನೇರ. ಕಮ್ಮಾರ ಹಿಂದಕ್ಕೆ ತಿರುಗಿ, "ಪಾತೀಂಗಳಾ ಅಮ್ಮಾ, ನೋಡಿದ್ರಾ ಹೇಗೆ!" ಎಂದು ಹಲ್ಲು ತೋರಿಸಿದ. ಅತ್ತೆ ಹೊರಗೆ ನೋಡುತ್ತಿದ್ದರು.

ದೊಡ್ಡಮ್ಮ ಬಾಗಿಲಿನಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದರು. ಸೊಸೆ ಕೈ ಹಿಡಿಯಲು ಬಂದರೆ ತಳ್ಳಿದರು. "ಮಾತು ಕೊಟ್ಟೋಳು ನಾನು. ನಾನೇ ಎತ್ತುತೀನಿ."

ಎಂಜಿನ್ ನಿಂತಿತ್ತು, ಕಾರು ಎಲ್ಲಿದೆ ಎಂದು ಅವರಿಗೆ ತಿಳಿಯುವಂತಿರಲಿಲ್ಲ. ಎರಡು ಮೆಟ್ಟಿಲು ಇಳಿದು, ನೇರವಾಗಿ ಪಕ್ಕದ ಮನೆಯ ನೀರಿನ ಗಾಡಿಯ ಮುಂದೆ ನಿಂತು ಆರತಿ ಎತ್ತಲು ಶುರುಮಾಡಿದರು. ಸೊಸೆ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ತುಟಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ನಮಗೆ ಸನ್ನೆ ಮಾಡಿದರು. ಯಜಮಾನರು, ಕಮ್ಮಾರ, ನಾನು, ಸೊಸೆ, ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಬಳೆಗಾರ, ಎಲ್ಲ ಸೇರಿ ಸದ್ದಿಲ್ಲದೆ ನೀರಿನ ಗಾಡಿಯನ್ನು ಹಿಂದಕ್ಕೆ ಜರುಗಿಸಿ, ಕಾರನ್ನು ತಳ್ಳಿಕೊಂಡು ಬಂದು ಆರತಿಯ ಎದುರು ನಿಲ್ಲಿಸಿದೆವು. ದೊಡ್ಡಮ್ಮ ಅಷ್ಟರಲ್ಲಿ ಅರ್ಧ ಹಾಡು ಮುಗಿಸಿದ್ದರು. ಹಾಡು ಮುಗಿ‌ದ ಮೇಲೆ ತಡವಿ ಮುಟ್ಟಿ, ಕಾರಿನ ದೀಪಕ್ಕೇ ಕುಂಕುಮ ಇಟ್ಟರು.

"ಲೇ, ಬಂದ್ಯಾ?" ಎಂದರು.

"ಬಂದೆ ಕಣಕ್ಕ," ಎಂದರು ಅತ್ತೆ. "ತಡ ಆಯ್ತು."

"ಆಗ್ಲಿ ಬಿಡು. ನೋಡಾಕಂತೂ ಆಗ್ಲಿಲ್ಲ. ಕೂತ್ಕೊಂಡಾದ್ರೂ ಓಗನ."

ಕಮ್ಮಾರ ಟೀ ಕುಡಿಯಲು ಬಜಾರಿನ ಕಡೆ ಹೋದ. ಅಕ್ಕತಂಗಿಯರನ್ನು ಹಿಂದೆ ಕೂರಿಸಿ ನಾನು ಅವರ ಪಕ್ಕದಲ್ಲಿ ಕೂತೆ. ದೊಡ್ಡಮ್ಮ ತಂಗಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಹುಟ್ಟಿದಾಗಿನಿಂದ ಎತ್ತಿನ ಗಾಡಿ ಬಿಟ್ಟು ಬೇರೇನೂ ಹತ್ತದವರು, ರೈಲೆಂದರೂ ಭಯ. ಯಜಮಾನರು ಬಹಳ ಜೋಪಾನವಾಗಿ ಕಾರು ನಡೆಸಿದರು. ಬೀದಿ ಮುಗಿಯಿತು, ಸಂತೆ ಮೈದಾನ ಬಂತು, ಗೇಟು ದಾಟಿದೆವು.

"ಯಾವಾಗ್ಲಾ ಒಲ್ಡೋದು?" ಎಂದರು ದೊಡ್ಡಮ್ಮ.

"ಹೊರಟಾಯ್ತಲ್ಲ ದೊಡ್ಡಮ್ಮಾ. ರೈಲ್ವೆ ಗೇಟು ದಾಟಿದ್ವಿ."

"ಯಾರ್ಗೆ ಯೋಳ್ತೀಯ? ಗಾಡೀಲಿ ಕೂತ್ರೆ ಕುಲುಕಬೇಕು, ವಾಲಬೇಕು, ಕೊಂಬೆ ಮೇಲಿನ ಕಾಗೆಯಂಗೆ ಇಡ್ಕಂಡ್ ಕೂರಬೇಕು. ಇದು ನಿಂತಲ್ಲೇ ಗುರ್ ಅಂತಾ ಐತೆ." ಅವರ ಮುಖ ಸಣ್ಣದಾಯಿತು. "ಲೇ, ಕಣ್ಣು ಕಾಣಾಕಿಲ್ಲ ಅಂತ ನಂಗೆ ಮೋಸ ಮಾಡ್ತೀರಾ? ಮೋಟಾರು ಓಡಾಕಿಲ್ಲ ಅಂದ್ರೆ ಓಡಾಕಿಲ್ಲ ಅನ್ನಿ. ನಾನೇನ್ ಅನ್ನಾಕಿಲ್ಲ."

ಯಜಮಾನರು ಬಜಾರಿನ ಕಡೆಗೆ ಹಿಂದಿರುಗಿ, ಗುಂಡಿ ಹುಡುಕಿ ಹುಡುಕಿ ಇಳಿಸಿದರು. ಏನು ಪ್ರಯೋಜನ? ಕಂಬಿ ಮಟ್ಟವಾಗಿತ್ತು, ಕಾರು ಎಣ್ಣೆಯಂತೆ ನಯವಾಗಿ ಹರಿಯಿತು. ದೊಡ್ಡಮ್ಮ ನಿಧಾನವಾಗಿ ತಂಗಿಯ ಕೈ ಬಿಟ್ಟರು.

ಅತ್ತೆ ಮುಂದಕ್ಕೆ ಬಾಗಿ ಮಗನ ಭುಜ ಹಿಡಿದರು. "ಲೋ, ಮೊದಲಿನಂಗೆ ಮಾಡ್ಲಾ."

"ಅಮ್ಮಾ, ಅದನ್ನು ಸರಿಮಾಡೋಕೇ ಅಲ್ವಾ ಇಷ್ಟು ದಿನ..."

"ಮೊದಲಿನಂಗೆ ಮಾಡ್ಲಾ ಅಂದೆ!"

ಯಜಮಾನರು ಒಂದು ಸಲ ನನ್ನನ್ನು ನೋಡಿದರು. ಆಮೇಲೆ ಸ್ಟೀರಿಂಗನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸುತ್ತಾ, ಬೌರಿಂಗ್‌ಪೇಟೆಯ ಬಜಾರಿನ ನಡುವೆ ಕಾರನ್ನು ಡೊಂಕುಡೊಂಕಾಗಿ ಓಡಿಸಿದರು. ಬಾಳೆಹಣ್ಣಿನವಳು ಬುಟ್ಟಿ ಎತ್ತಿಕೊಂಡು ಹಾರಿದಳು. ಒಂದು ಕತ್ತೆ ಬಟ್ಟೆಗಂಟಿನ ಸಮೇತ ಅಂಗಡಿಯೊಳಕ್ಕೆ ನುಗ್ಗಿತು. ಹಿಂದಿನ ಸೀಟಿನಲ್ಲಿ ನಾವು ಮೂವರೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಬ್ಬರ ಮೇಲೊಬ್ಬರು ಬಿದ್ದೆವು. ದೊಡ್ಡಮ್ಮ ತಂಗಿಯನ್ನು ತಬ್ಬಿಕೊಂಡು, ಹಲ್ಲಿಲ್ಲದ ಬಾಯಿ ಅಗಲಿಸಿ ನಗತೊಡಗಿದರು. ಅತ್ತೆಯೂ ನಗುತ್ತಿದ್ದರು, ಕಣ್ಣಿನಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಟೀ ಅಂಗಡಿಯಿಂದ ಕಮ್ಮಾರ ಇದನ್ನು ಕಂಡ. "ಅಯ್ಯಯ್ಯೋ! ಮರುಪಡಿ ವಂದುಟ್ಟದು! ಹಳೇ ಚಾಳಿ ಮತ್ತೆ ಬಂತು!" ಎಂದು ಹಣೆ ಚಚ್ಚಿಕೊಂಡು, ಲೋಟ ಎಸೆದು, ಸ್ಪ್ಯಾನರು ಎತ್ತಿ ಹಿಡಿದು ಕಾರಿನ ಹಿಂದೆ ಓಡಿಬಂದ. ಒಂದು ಡೊಂಕಿನಲ್ಲಿ ನಮ್ಮನ್ನು ಹಿಡಿದು, ಪಕ್ಕದ ಹಲಗೆಯ ಮೇಲೆ ಹಾರಿ ನಿಂತು, "ನಿಲ್ಲಿಸಿ ಸಾಮಿ, ನಿಲ್ಲಿಸಿ! ತೋಳು ಹೋಗಿದೆ! ಎಲ್ಲ ಹೋಗಿದೆ!" ಎಂದು ದೊಡ್ಡಮ್ಮನ ಕಿವಿಯ ಹತ್ತಿರವೇ ಕಿರುಚಿದ.

ದೊಡ್ಡಮ್ಮ ಸದ್ದು ಬಂದ ಕಡೆಗೆ ಕೈ ಬೀಸಿ ಅವನ ತಲೆಗೆ ಸರಿಯಾಗಿ ಒಂದು ಕೊಟ್ಟರು.

"ಯಾವೋನ್ಲಾ ಅವನು ಅಡ್ಡ ಬರೋನು? ನನ್ ತಂಗಿ ಮೋಟಾರು ಈಗ ತಾನೇ ಓಡಾಕೆ ಶುರುವಾಗೈತೆ. ನಿಲ್ಲಿಸ್ಬ್ಯಾಡ ಕಣ್ಲಾ, ಓಡ್ಸು!"